ಹಬ್ಬಕ್ಕೆ ಬಂದವರು

ಕ್ರಿಸ್‌ಮಸ್ ದಿನ ಮತ್ತು ಈಸ್ಟರ್ ಭಾನುವಾರ ಚರ್ಚಿನ ಬೆಂಚುಗಳು ಸಾಲದಾಗುತ್ತವೆ. ಉಳಿದ ಭಾನುವಾರಗಳಲ್ಲಿ ಅರ್ಧ ಬರಿದಾಗಿರುವ ಕಡೆಯಲ್ಲಿಯೂ ಅಂದು ಗೋಡೆಗೊರಗಿ ನಿಲ್ಲುವವರಿರುತ್ತಾರೆ. ಹೀಗೆ ಹಬ್ಬಕ್ಕೆ ಮಾತ್ರ ಬರುವವರನ್ನು ಸಭಾಪಾಲಕರು ಹೇಗೆ ಬರಮಾಡಿಕೊಳ್ಳಬೇಕು? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಅಂದು ಆಡಿದ ಒಂದು ಮಾತಿನಿಂದ ಒಬ್ಬ ಮನುಷ್ಯ ಹತ್ತಿರವಾಗಬಹುದು. ಇಲ್ಲವೇ ಆ ಹೊಸ್ತಿಲನ್ನು ಮತ್ತೆ ತುಳಿಯದೆಯೂ ಇರಬಹುದು.

ಅಪರೂಪಕ್ಕೆ ಬರುವುದು ನಮ್ಮ ಕಾಲದ ಕೇಡೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1215ರಲ್ಲಿ ರೋಮಿನಲ್ಲಿ ನೆರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ, ಈಸ್ಟರ್ ಸಮಯದಲ್ಲಿ, ಪ್ರಭುಭೋಜನವನ್ನು ಸ್ವೀಕರಿಸಬೇಕೆಂದು ಕಟ್ಟಳೆ ಮಾಡಿತು. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ ವರ್ಷಕ್ಕೆ ಮೂರು ಸಲವಾದರೂ ಸ್ವೀಕರಿಸಬೇಕೆಂದು ಹೇಳುತ್ತದೆ. ಇವು ಭೋಜನದ ಮಾತು, ಹಾಜರಿಯದಲ್ಲ, ನಿಜ. ಆದರೂ ಜನರ ಸ್ವಭಾವವನ್ನು ಬಲ್ಲವರು ಬರೆದ ಕಟ್ಟಳೆಗಳಿವು.

ನಾಲ್ಕನೆಯ ಶತಮಾನದ ಅಂತಿಯೋಕ್ಯದಲ್ಲಿ ಪ್ರಸಂಗ ಮಾಡುತ್ತಿದ್ದ ಯೋಹಾನ ಕ್ರಿಸೋಸ್ತೊಮನೂ ಹಬ್ಬದ ಜನರನ್ನು ಕಂಡು ಗೊಣಗಿದ್ದಾನೆ. ಅವನ ಹೆಸರಿಗೆ ಹೊನ್ನಿನ ಬಾಯುಳ್ಳವನೆಂದು ಅರ್ಥ. ಆದರೆ ಅವನದೆಂದು ಪರಂಪರೆ ಹೇಳುವ ಈಸ್ಟರ್ ಪ್ರಸಂಗದ ದನಿಯೇ ಬೇರೆ. ದ್ರಾಕ್ಷಿತೋಟಕ್ಕೆ ಸಂಜೆ ಬಂದ ಆಳಿಗೂ ದಿನದ ಪೂರ್ತಿ ಕೂಲಿ ಸಿಕ್ಕಿದ ಮತ್ತಾಯನ ಸಾಮ್ಯವನ್ನು ಹಿಡಿದು, ತಡವಾಗಿ ಬಂದವನು ಅಂಜಬೇಕಾಗಿಲ್ಲ, ಉಪವಾಸವಿದ್ದವನೂ ಇಲ್ಲದವನೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲಿ ಎಂದು ಅದು ಕರೆಯುತ್ತದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಈಸ್ಟರ್ ಆರಾಧನೆಯಲ್ಲಿ ಇಂದಿಗೂ ಓದುವುದು ಇದನ್ನೇ. ಗೊಣಗಿದ ಮಾತು ವಿದ್ವಾಂಸರ ಕಪಾಟಿನಲ್ಲಿದೆ.

ನಾನು ಮೇಷ್ಟರಾಗಿದ್ದವನು. ತರಗತಿಗೆ ಬಂದವರನ್ನು ಬಾರದವರ ತಪ್ಪಿಗಾಗಿ ಬಯ್ಯುವುದು ನಮ್ಮ ವೃತ್ತಿಯ ಹಳೆಯ ಚಟ. ಬಹುದಿನ ತಪ್ಪಿಸಿಕೊಂಡು ಬಂದ ಹುಡುಗನಿಗೆ ‘ಇವತ್ತು ಸೂರ್ಯ ಯಾವ ಕಡೆ ಹುಟ್ಟಿದನಪ್ಪಾ?’ ಎಂದರೆ ತರಗತಿ ನಗುತ್ತದೆ. ಆ ಹುಡುಗ ಮಾರನೆಯ ದಿನ ಬರುವುದಿಲ್ಲ. ಪ್ರಸಂಗಪೀಠದಿಂದ ಇಂಥ ವಿನೋದ ಬಂದರೆ ಗಾಯ ಇನ್ನೂ ಆಳ.

ಮಾತಿಗಿಂತ ಆರಾಧನೆಯ ಕ್ರಮವೇ ಆದರವನ್ನು ತೋರಿಸಬಲ್ಲದು. ಇಂಗ್ಲೆಂಡಿನ ಟ್ರೂರೋದಲ್ಲಿ 1880ರ ಕ್ರಿಸ್‌ಮಸ್ ಮುನ್ನಿರುಳು, ಮರದ ತಾತ್ಕಾಲಿಕ ಕಟ್ಟಡವೊಂದರಲ್ಲಿ, ಬಿಷಪ್ ಬೆನ್ಸನ್ ಒಂಬತ್ತು ವಾಚನ ಮತ್ತು ಹಾಡುಗಳ ಆರಾಧನೆಯನ್ನು ನಡೆಸಿದರು. 1918ರಲ್ಲಿ ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನಲ್ಲಿ ಎರಿಕ್ ಮಿಲ್ನರ್-ವೈಟ್ ಅದನ್ನು ಬಳಕೆಗೆ ತಂದರು. ಯುದ್ಧರಂಗದಲ್ಲಿ ಪಾದ್ರಿಯಾಗಿದ್ದು ಮರಳಿದವರು ಅವರು. ಹಳೆಯ ಜಾಡಿನ ಆರಾಧನೆ ಸಾಲದೆಂದು ಅವರಿಗೆ ತೋರಿತ್ತು. ಅವರ ಆರಂಭದ ಪ್ರಾರ್ಥನೆಯಲ್ಲಿ ಬಡವರು, ರೋಗಿಗಳು, ದುಃಖಿಗಳು ಮಾತ್ರವಲ್ಲ, ಕ್ರಿಸ್ತನನ್ನು ಅರಿಯದವರೂ ಪ್ರೀತಿಸದವರೂ ನೆನಪಿಗೆ ಬರುತ್ತಾರೆ. ಇಲ್ಲಿ ಕ್ರಮ ತಿಳಿಯದವನು ತಡವರಿಸಬೇಕಾಗಿಲ್ಲ. ಕಥೆ ಕೇಳಬೇಕು, ಗೊತ್ತಿದ್ದ ಹಾಡಿಗೆ ದನಿಗೂಡಿಸಬೇಕು, ಅಷ್ಟೆ. 1928ರಿಂದ ಬಿಬಿಸಿ ಇದನ್ನು ಪ್ರಸಾರ ಮಾಡತೊಡಗಿತು. ಚರ್ಚಿನ ಮೆಟ್ಟಿಲು ಹತ್ತದವರ ಮನೆಯೊಳಕ್ಕೂ ಅದು ರೇಡಿಯೋದ ಮೂಲಕ ಹೋಯಿತು.

ನಮ್ಮ ಕನ್ನಡ ಸಭೆಗಳಲ್ಲಿ ಹಬ್ಬಕ್ಕೆ ಬರುವವರಲ್ಲಿ ಊರು ಬಿಟ್ಟು ಹೋದ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಕನ್ನಡ ಮಾತನಾಡುವ, ಆದರೆ ಕನ್ನಡ ಓದಲಾರದ ಆ ಹುಡುಗಿಯ ಕೈಗೆ ಗೀತೆಯ ಪುಸ್ತಕ ಕೊಟ್ಟು ಸಂಖ್ಯೆ ಕೂಗಿದರೆ ಅವಳೇನು ಮಾಡಬೇಕು? ಅಂದಾದರೂ ಪಲ್ಲವಿಯನ್ನು ಒಮ್ಮೆ ಹಾಡಿ ತೋರಿಸಿ ಬಳಿಕ ಎಲ್ಲರೂ ಹಾಡಬಹುದು. ಯಾವಾಗ ಏಳಬೇಕು, ಪ್ರಭುಭೋಜನಕ್ಕೆ ಯಾರು ಮುಂದೆ ಬರಬಹುದು, ಬಾರದವರು ಏನು ಮಾಡಬಹುದು ಎಂಬುದನ್ನು ಎರಡು ವಾಕ್ಯಗಳಲ್ಲಿ ಮೊದಲೇ ಹೇಳಿಬಿಡಬೇಕು. ಮನೆತನದ ಬೆಂಚೆಂದು ಕುಳಿತವರನ್ನು ಎಬ್ಬಿಸುವವರಿದ್ದರೆ, ಹಿರಿಯರೊಬ್ಬರು ಹಿಂದಿನ ದಿನವೇ ಅವರೊಡನೆ ಮಾತನಾಡಿರಬೇಕು. ಕಟ್ಟಡ ದುರಸ್ತಿಯ ಬಾಕಿ, ಸಮಿತಿಯ ಜಗಳ, ಇವು ಮುಂದಿನ ವಾರಕ್ಕೆ ಕಾಯಬಲ್ಲವು. ಪ್ರಸಂಗವೂ ಚಿಕ್ಕದಿರಲಿ, ಅಂದು ಅಮ್ಮನಿಲ್ಲದ ಮೊದಲ ಹಬ್ಬಕ್ಕೆಂದು ಬಂದು ಕುಳಿತವರೂ ಅಲ್ಲಿ ಇರಬಹುದು.

ಆರಾಧನೆ ಮುಗಿದ ಮೇಲೆ ಸಭಾಪಾಲಕರು ಬಾಗಿಲಲ್ಲಿ ನಿಂತು ಕೈಕುಲುಕುತ್ತಾರಷ್ಟೆ. ಅಲ್ಲಿ ‘ಎಷ್ಟು ವರ್ಷವಾಯಿತು ನಿಮ್ಮನ್ನು ಕಂಡು!’ ಎಂಬುದಕ್ಕೆ ಬದಲು ‘ಊರಿಗೆ ಯಾವಾಗ ಬಂದಿರಿ? ಇನ್ನೂ ಕೆಲವು ದಿನ ಇರುತ್ತೀರಾ?’ ಎಂದು ಕೇಳಬಹುದು.