ಶುಗರ್ ಇದ್ದವರಿಗೆ ಬಿಪಿ ಏರಿಳಿತ ಯಾಕೆ ಅಪಾಯ?

ಮನೆಯಲ್ಲಿ ಅಪ್ಪಂಗೋ ಅಮ್ಮಂಗೋ ಶುಗರ್ ಇದ್ದರೆ ಈ ಎಪಿಸೋಡ್ ನಿಮಗೇ. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೆ ತಿಂಗಳ ಕೊನೆಯ ಬ್ಯಾಲೆನ್ಸ್ ಒಂದನ್ನೇ ನೋಡಿದರೆ ಅಕೌಂಟಿನ ಪೂರ್ತಿ ಕಥೆ ಗೊತ್ತಾಗಲ್ಲ ಅಲ್ವಾ? ಬಿಪಿನೂ ಹಾಗೇ.

ಬಿಪಿ ಏರಿದಾಗ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳು ನಲ್ಲಿ ತಿರುಗಿಸಿದ ಹಾಗೆ ಬಿಗಿಯಾಗಿ, ಮುಂದಿರುವ ಕೂದಲಿಗಿಂತ ತೆಳುವಾದ ನಾಳಗಳನ್ನು ಕಾಪಾಡುತ್ತವೆ. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಈ ನಲ್ಲಿ ಸಡಿಲ ಆಗುತ್ತೆ. ಆಮೇಲೆ ಒತ್ತಡದ ಪ್ರತಿ ಏಟೂ ನೇರ ಒಳಗೆ. ಕಿಡ್ನಿಯಿಂದ ಪ್ರೋಟೀನ್ ಸೋರುತ್ತೆ, ರೆಟಿನಾದಲ್ಲಿ ರಕ್ತ ಜಿನುಗುತ್ತೆ. ಶುರುವಲ್ಲಿ ನೋವೇ ಇರಲ್ಲ.

ತಡೆಯೋಕಾಗುತ್ತೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ, ಟೈಪ್ 2 ಡಯಾಬಿಟಿಸ್ ಇದ್ದವರ ಸರಾಸರಿ ಬಿಪಿ 154/87ರ ಬದಲು 144/82 ಇದ್ದಾಗ ಸಣ್ಣ ರಕ್ತನಾಳಗಳ ತೊಂದರೆ 37% ಕಡಿಮೆಯಾಗಿತ್ತು.

ಹಾಗಾಗಿ ಬೆಳಗ್ಗೆ, ಸಂಜೆ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿ, ಫೋನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ವರ್ಷಕ್ಕೊಮ್ಮೆ ಯೂರಿನ್ ಅಲ್ಬುಮಿನ್, ರೆಟಿನಾ ಟೆಸ್ಟ್ ಮಾಡಿಸಿ. ಒಂದಿನ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸೋಕೆ ಬಿಡಬೇಡಿ. ಬಿಟ್ಟು ಬಿಟ್ಟು ನುಂಗೋದ್ರಿಂದಲೂ ಬಿಪಿ ಏರಿಳಿಯುತ್ತೆ.