ಪೋಲರು ಮತ್ತು ರೊಮೇನಿಯನ್ನರು: ನುಡಿ, ಲಿಪಿ, ಮತ

ಪೋಲೆಂಡ್ ಮತ್ತು ರೊಮೇನಿಯಾ ಎರಡೂ ಯುರೋಪಿನ ಪೂರ್ವಭಾಗದ ದೇಶಗಳು. ಸುಮಾರು 3,12,000 ಚದರ ಕಿಲೋಮೀಟರು ವಿಸ್ತೀರ್ಣದ ಪೋಲೆಂಡ್ ಬಹುಪಾಲು ಬಯಲು ನಾಡಾಗಿದ್ದು, ಅಲ್ಲಿನ ವಿಸ್ತುಲಾ ನದಿ ಉತ್ತರಕ್ಕೆ ಹರಿದು ಬಾಲ್ಟಿಕ್ ಸಮುದ್ರ ಸೇರುತ್ತದೆ. ಸುಮಾರು 2,38,000 ಚದರ ಕಿಲೋಮೀಟರಿನ ರೊಮೇನಿಯಾದ ನಡುವೆ ಕಾರ್ಪಾಥಿಯನ್ ಪರ್ವತಸಾಲು ಬಿಲ್ಲಿನಂತೆ ಬಾಗಿದ್ದು, ದಕ್ಷಿಣದ ಗಡಿಯಲ್ಲಿ ಡ್ಯಾನ್ಯೂಬ್ ನದಿ ಕಪ್ಪು ಸಮುದ್ರದತ್ತ ಸಾಗುತ್ತದೆ. ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ಈ ಎರಡು ದೇಶಗಳಿಗೆ ಸಾಮಾನ್ಯ ಗಡಿಯಿತ್ತು, ಈಗಿಲ್ಲ.

ಈ ಎರಡು ಜನಾಂಗಗಳ ವಿಷಯದಲ್ಲಿ ಹೊಸ ಓದುಗರು ಪದೇಪದೇ ಎಡವುವ ಜಾಗ ಒಂದಿದೆ. ಪೋಲಿಷ್ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ, ಪೋಲರು ರೋಮಿನ ಪೋಪರನ್ನು ಒಪ್ಪುವ ಕ್ಯಾಥೊಲಿಕರು. ಆದ್ದರಿಂದ ಅವರ ನುಡಿ ಲ್ಯಾಟಿನ್ ಮೂಲದ್ದಿರಬೇಕು ಎಂದು ಹಲವರು ಊಹಿಸುತ್ತಾರೆ. ರೊಮೇನಿಯನ್ನರು ಪೂರ್ವದ ಆರ್ಥೊಡಾಕ್ಸ್ ಚರ್ಚಿನವರಾದ್ದರಿಂದ ಅವರನ್ನು ರಷ್ಯನ್ನರಂತೆ ಸ್ಲಾವರೆಂದು ಎಣಿಸುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ. ಪೋಲಿಷ್ ಭಾಷೆ ರಷ್ಯನ್, ಚೆಕ್ ಭಾಷೆಗಳ ಬಳಗದ ಸ್ಲಾವಿಕ್ ನುಡಿ. ರೊಮೇನಿಯನ್ ಭಾಷೆ ಇಟಾಲಿಯನ್, ಸ್ಪ್ಯಾನಿಷ್‌ಗಳಂತೆ ಲ್ಯಾಟಿನ್ನಿನಿಂದ ಹುಟ್ಟಿದ ನುಡಿ. ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರೇಜನ್ ಗೆದ್ದ, ಇಂದಿನ ರೊಮೇನಿಯಾದ ನೆಲದಲ್ಲಿದ್ದ ಡೇಸಿಯಾ ಪ್ರಾಂತವನ್ನು ರೋಮನ್ನರು ಮೂರನೆಯ ಶತಮಾನದಲ್ಲಿ ತೊರೆದ ಮೇಲೆ ಆ ಲ್ಯಾಟಿನ್ ನುಡಿ ಡ್ಯಾನ್ಯೂಬಿನ ಉತ್ತರದಲ್ಲೇ ಉಳಿಯಿತೋ ಅಥವಾ ದಕ್ಷಿಣದಿಂದ ಮರಳಿ ಬಂದಿತೋ ಎಂಬ ವಾದವನ್ನು ವಿದ್ವಾಂಸರು ಇನ್ನೂ ಬಗೆಹರಿಸಿಲ್ಲ.

ಈ ಅದಲುಬದಲಿಗೆ ಕಾರಣ ಸರಳವಾಗಿದೆ: ನುಡಿ ತಾಯಿಯ ಮಡಿಲಲ್ಲಿ ಬರುತ್ತದೆ, ಲಿಪಿ ಪಾದ್ರಿಯ ಜೊತೆಗೆ ಬರುತ್ತದೆ. 966ರಲ್ಲಿ ದೊರೆ ಮಿಯೆಷ್ಕೊ ಬೊಹೀಮಿಯಾದ ನಂಟಿನಿಂದ ರೋಮಿನ ಕ್ರೈಸ್ತಮತವನ್ನು ಸ್ವೀಕರಿಸಿದ್ದರಿಂದ ಪೋಲೆಂಡಿನ ಮಠಗಳಲ್ಲಿ ಲ್ಯಾಟಿನ್ ಬರವಣಿಗೆ ನೆಲೆಯೂರಿತು. ರೊಮೇನಿಯನ್ನರ ನಾಡಿಗೆ ಚರ್ಚಿನ ಭಾಷೆ ಬಲ್ಗೇರಿಯಾದ ಕಡೆಯಿಂದ ಬಂದದ್ದರಿಂದ ಪೂಜೆಗೂ ಆಸ್ಥಾನದ ಕಾಗದಪತ್ರಗಳಿಗೂ ಸ್ಲಾವೊನಿಕ್ ಭಾಷೆಯೇ ಶತಮಾನಗಳ ಕಾಲ ಬಳಕೆಯಲ್ಲಿತ್ತು. ರೊಮೇನಿಯನ್ ಭಾಷೆಯಲ್ಲಿ ಉಳಿದಿರುವ, ಕಾಲ ನಿಶ್ಚಿತವಾದ ಅತಿ ಹಳೆಯ ಬರಹವೆಂದರೆ 1521ರಲ್ಲಿ ಕಿಂಪುಲುಂಗ್ ಊರಿನ ನ್ಯಾಕ್ಶು ಎಂಬಾತ ಬ್ರಷೋವ್ ನಗರದ ಮುಖ್ಯಾಧಿಕಾರಿಗೆ ತುರ್ಕಿ ಸೇನೆಯ ಚಲನವಲನವನ್ನು ತಿಳಿಸಿ ಬರೆದ ಎಚ್ಚರಿಕೆಯ ಪತ್ರ. ಅದರ ಲಿಪಿ ಸ್ಲಾವೊನಿಕ್ ಜೊತೆಗೆ ಬಂದ ಸಿರಿಲಿಕ್, ಆರಂಭದ ಗೌರವದ ಮಾತುಗಳು ಸ್ಲಾವೊನಿಕ್, ವಿಷಯಕ್ಕೆ ಬಂದೊಡನೆ ಹರಿಯುವುದು ಲ್ಯಾಟಿನ್ನಿನ ಮಗಳಾದ ರೊಮೇನಿಯನ್! ಪೋಲಿಷ್ ಭಾಷೆಯ ಅತಿ ಹಳೆಯ ವಾಕ್ಯವೂ ಇಷ್ಟೇ ಸೊಗಸಾದ ಜಾಗದಲ್ಲಿ ಸಿಕ್ಕಿದೆ. ಹದಿಮೂರನೆಯ ಶತಮಾನದಲ್ಲಿ ಹೆನ್ರಿಕುವ್ ಮಠದವರು ಲ್ಯಾಟಿನ್ನಿನಲ್ಲಿ ಬರೆದ ಆಸ್ತಿಚರಿತ್ರೆಯ ನಡುವೆ, ಬೀಸುಕಲ್ಲಿನ ಮುಂದೆ ದಣಿದ ಹೆಂಡತಿಯನ್ನು ಕಂಡು ತಾನೇ ಬೀಸುವೆನೆಂದು ಮರುಗುವ ಒಬ್ಬ ಗಂಡನ ಮಾತು ದಾಖಲಾಗಿದೆ. ರೊಮೇನಿಯನ್ನರು ಸಿರಿಲಿಕ್ ಬಿಟ್ಟು ರೋಮನ್ ಲಿಪಿಯನ್ನು ಅಧಿಕೃತವಾಗಿ ಹಿಡಿದದ್ದು 1860ರ ದಶಕದ ಆರಂಭದಲ್ಲಿ ಮಾತ್ರ.

ರಾಜಕೀಯ ಚರಿತ್ರೆಯಲ್ಲಿಯೂ ಹೋಲಿಕೆಗಳಿವೆ. 1772, 1793 ಮತ್ತು 1795ರ ವಿಭಜನೆಗಳಲ್ಲಿ ನಕಾಶೆಯಿಂದಲೇ ಅಳಿಸಿಹೋದ ಪೋಲೆಂಡ್ 1918ರಲ್ಲಿ ಮರಳಿ ಎದ್ದಿತು. 1859ರಲ್ಲಿ ಮೊಲ್ಡೇವಿಯಾ ಮತ್ತು ವಲಾಕಿಯಾ ಸಂಸ್ಥಾನಗಳ ಕೂಡುವಿಕೆಯಿಂದ ಮೊದಲಾದ ರೊಮೇನಿಯಾಕ್ಕೆ ಟ್ರಾನ್ಸಿಲ್ವೇನಿಯಾ ಸೇರಿದ್ದು ಅದೇ 1918ರಲ್ಲಿ. 1989ರಲ್ಲಿ ಪೋಲರು ಮಾತುಕತೆ ಮತ್ತು ಚುನಾವಣೆಯ ಮೂಲಕ ಕಮ್ಯುನಿಸ್ಟ್ ಆಡಳಿತವನ್ನು ಬಿಟ್ಟು ಬಂದರೆ, ರೊಮೇನಿಯಾದಲ್ಲಿ ರಕ್ತ ಹರಿದು ಡಿಸೆಂಬರ್ 25ರಂದು ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕುವಿಗೆ ಮರಣದಂಡನೆಯಾಯಿತು.

ಆದರೆ ಎರಡು ಜನಾಂಗಗಳ ಅತಿ ಹತ್ತಿರದ ನಂಟನ್ನು ಕಟ್ಟಿದವರು ದೊರೆಗಳಲ್ಲ, ಕುರಿಗಾಹಿಗಳು. ವ್ಲಾಖರೆಂದು ಕರೆಯಲಾದ, ರೊಮೇನಿಯನ್ ಬಗೆಯ ನುಡಿಯಾಡುತ್ತಿದ್ದ ಕುರಿಗಾಹಿಗಳ ಬದುಕಿನ ಕ್ರಮ ಮಧ್ಯಯುಗದ ಕೊನೆಯಲ್ಲಿ ಕಾರ್ಪಾಥಿಯನ್ ಹುಲ್ಲುಗಾವಲುಗಳ ಗುಂಟ ಹರಡಿ ದಕ್ಷಿಣ ಪೋಲೆಂಡನ್ನು ಮುಟ್ಟಿತು. ದಾರಿಯುದ್ದಕ್ಕೂ ಇತರರೊಡನೆ ಬೆರೆತ ಅವರು ಸ್ಲಾವಿಕ್ ನುಡಿಗಳನ್ನಾಡತೊಡಗಿದರು. ಆದರೂ ಕುರಿಹಾಲಿನ ಗಿಣ್ಣಾದ ಬ್ರಿಂಜಾ, ಕುರಿದೊಡ್ಡಿಯ ಬೆಂಕಿಯಾದ ವಾತ್ರಾ ಮುಂತಾದ ಕಸುಬಿನ ಹೆಸರುಗಳು ತಾತ್ರಾ ಬೆಟ್ಟದ ಪೋಲರ ಬಾಯಲ್ಲಿ ಇಂದಿಗೂ ಇವೆ. ಹಲವು ದೇಶಗಳ ವಿದ್ವಾಂಸರು ಕೂಡಿ ಕಾರ್ಪಾಥಿಯನ್ ಉಪಭಾಷೆಗಳ ಭೂಪಟವನ್ನೇ ಸಿದ್ಧಪಡಿಸಿದ್ದಾರೆ. ಈ ಎರಡು ನಾಡುಗಳನ್ನು ಮುಂದೆ ಅಭ್ಯಸಿಸಬಯಸುವವರು ಅರಸರ ವಂಶಾವಳಿಗಿಂತ ಮೊದಲು ಆ ಭೂಪಟದ ಪುಟಗಳನ್ನು ತೆರೆದು, ಗಿಣ್ಣು, ಹಟ್ಟಿ, ಕುರಿಮರಿಗಳ ಹೆಸರುಗಳು ಯಾವ ಕಣಿವೆಯಿಂದ ಯಾವ ಕಣಿವೆಗೆ ದಾಟಿವೆ ಎಂಬುದನ್ನು ಬೆರಳಿಟ್ಟು ಹುಡುಕಬೇಕು.