ಯೋಚನೆ ಕಣ್ಣಿಗೆ ಕಾಣುವ ಆಟ

2023, ಅಮೆರಿಕದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲ್ಲಿಂಗ್ ಬೀ ಫೈನಲ್. ವೇದಿಕೆಯ ಮೇಲೆ ಹದಿನಾಲ್ಕರ ದೇವ್ ಶಾ. ಇದೊಂದು ಪದ ಸರಿಯಾದರೆ ಕಪ್ ಅವನದು. ಪದ: ‘ಸ್ಯಾಮೊಫೈಲ್’. ಹುಡುಗ ತಟಕ್ಕನೆ ಅಕ್ಷರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ! ಮೊದಲರ್ಧ ಮರಳು ಎಂಬರ್ಥದ ಗ್ರೀಕ್ ಮೂಲದ್ದೇ? ಹೌದು. ಉಳಿದದ್ದು ಪ್ರೀತಿ ಎಂಬರ್ಥದ ಗ್ರೀಕ್ ಮೂಲದ್ದೇ? ಹೌದು. ಅಷ್ಟೇ! ಸದ್ದೇ ಮಾಡದೆ ಮುಂದುಗಡೆ ಅಡಗಿ ಕೂತಿದ್ದ ‘ಪಿ’ ಅಕ್ಷರ ಸಿಕ್ಕಿಬಿತ್ತು. ಹುಡುಗ ಗೆದ್ದ.

ಸ್ಪೆಲ್ಲಿಂಗ್ ಎಂದರೆ ಬರೀ ಉರು ಹೊಡೆಯುವುದು ಎನ್ನುವವರು ಇದನ್ನು ನೋಡಲೇಬೇಕು. ಒಂದು ಮಗು ಯೋಚಿಸುವುದನ್ನು ನಾವು ಕಣ್ಣಾರೆ ಕಾಣುತ್ತೇವೆ! ಮಕ್ಕಳು ಅಂಗೈಮೇಲೆ ಬೆರಳಿನಿಂದ ಬರೆಯುತ್ತಾರೆ, ಕಣ್ಣು ಮುಚ್ಚುತ್ತಾರೆ, ಗೊಣಗುತ್ತಾರೆ. ಅರ್ಥ ಕೇಳಬಹುದು, ಮೂಲಭಾಷೆ ಕೇಳಬಹುದು, ವಾಕ್ಯದಲ್ಲಿ ಬಳಸಿ ಎನ್ನಬಹುದು. ಆದರೆ ಬಾಯಿಂದ ಬಿದ್ದ ಅಕ್ಷರವನ್ನು ಬದಲಿಸುವಂತಿಲ್ಲ. ತಪ್ಪಿದರೆ ಗಂಟೆ! ಎಂಟನೇ ತರಗತಿ ದಾಟದ ಮಕ್ಕಳು ಈ ಒತ್ತಡ ಹೊತ್ತು ನಿಲ್ಲುತ್ತಾರೆ. ಅವರಿಗೆ ಪದ ಹೇಳುವ ಜಾಕ್ ಬೇಯ್ಲಿ ಕೂಡ 1980ರಲ್ಲಿ ಇದೇ ಸ್ಪರ್ಧೆ ಗೆದ್ದ ಹುಡುಗ!

ನುಡಿದದ್ದನ್ನು ಹೆಚ್ಚುಕಡಿಮೆ ಹಾಗೇ ಬರೆಯುವ ಕನ್ನಡಿಗರಿಗಂತೂ ಇದು ಸೋಜಿಗದ ಲೋಕ. ಇಂಗ್ಲಿಷು ಗ್ರೀಕ್, ಲ್ಯಾಟಿನ್, ಫ್ರೆಂಚ್ ಎಂದು ಎಲ್ಲೆಲ್ಲಿಂದಲೋ ಪದ ತಂದಿದೆ, ಜೊತೆಗೆ ಅಲ್ಲಲ್ಲಿನ ಬರವಣಿಗೆಯನ್ನೂ ತಂದಿದೆ. 2021ರಲ್ಲಿ ಝೈಲಾ ಅವಾಂಟ್-ಗಾರ್ಡ್‌ಗೆ ಬಂದ ಪದ ‘ಮರಾಯಾ’. ‘ಇದರಲ್ಲಿ ಮರ್ರೇ ಎಂಬ ಹೆಸರಿದೆಯೇ?’ ಎಂದು ಕೇಳಿದಳು, ಗೆದ್ದಳು. ಈ ಪಟ್ಟ ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಸ್ಪರ್ಧಿಯಾದಳು. ನಮ್ಮ ಒಗ್ಗರಣೆಯ ಕರಿಬೇವಿಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರಿನ ಮೊದಲ ಪದವೂ ಇದೇ ‘ಮರಾಯಾ’!

ಇನ್ನು 2025. 1925ರಲ್ಲಿ ಶುರುವಾದ ಸ್ಪರ್ಧೆಯ ಶತಮಾನದ ವರ್ಷ. ಹಿಂದಿನ ವರ್ಷ ಕೊನೆಯ ಹಂತದಲ್ಲಿ ಪಟ್ಟ ಕಳೆದುಕೊಂಡಿದ್ದ ಫೈಝಾನ್ ಝಾಕಿ ಮತ್ತೆ ಫೈನಲ್‌ನಲ್ಲಿ. ಎದುರಾಳಿಗಳಿಬ್ಬರೂ ತಪ್ಪಿದ್ದಾರೆ, ಗೆಲುವು ಹತ್ತಿರದಲ್ಲೇ ಇದೆ. ಹುರುಪಿನಲ್ಲಿ ಏನೂ ಕೇಳದೆ ‘ಕಾಮೆಲೈನಾ’ಕ್ಕೆ ಬಾಯಿಬಿಟ್ಟ, ಎಡವಿದ. ಗಂಟೆ! ಎಲ್ಲರೂ ತಪ್ಪಿದ್ದರಿಂದ ಮೂವರೂ ಮತ್ತೆ ಕಣಕ್ಕೆ. ಬೇರೆ ಯಾರಾದರೂ ಕುಸಿಯುತ್ತಿದ್ದರು. ಈ ಹುಡುಗ ಕೊನೆಗೆ ‘ಎಕ್ಲೆರ್ಸಿಸ್ಮಾಂ’ ಎಂಬ ಫ್ರೆಂಚ್ ಪದ ಬಂದಾಗ ಈ ಸಲವೂ ಒಂದೂ ಪ್ರಶ್ನೆ ಕೇಳಲಿಲ್ಲ. ಅಕ್ಷರಗಳನ್ನು ಪಟಪಟನೆ ಹೇಳಿ ಮುಗಿಸಿ, ಖುಷಿಗೆ ವೇದಿಕೆಯ ಮೇಲೇ ಉರುಳಿಬಿದ್ದ!

ಎಲ್ಲ ಸ್ಪರ್ಧಿಗಳೂ ಗೆಲ್ಲಲಿ ಎಂದು ನೋಡುಗರು ಹಾರೈಸುವ ಆಟ ಇನ್ನೊಂದಿದೆಯೇ? ಇಲ್ಲಿ ತಪ್ಪಿದ ಮಗುವಿಗೂ ಸಭೆ ಚಪ್ಪಾಳೆ ತಟ್ಟುತ್ತದೆ. 2019ರಲ್ಲಿ ಆ ಹಾರೈಕೆ ನಿಜವೂ ಆಯಿತು. ಇಪ್ಪತ್ತು ಸುತ್ತು ಮುಗಿದರೂ ಎಂಟು ಮಕ್ಕಳು ಅಲುಗಾಡದೆ ನಿಂತಿದ್ದರು. ಅವರನ್ನು ಕೆಡವುವಂಥ ಪದಗಳು ಆಯೋಜಕರ ಬಳಿ ಮುಗಿಯುತ್ತಾ ಬಂದಿದ್ದವು. ಎಂಟೂ ಮಂದಿಯನ್ನು ಚಾಂಪಿಯನ್ ಎಂದು ಸಾರಿದರು, ಒಬ್ಬೊಬ್ಬರಿಗೂ ಪೂರ್ತಿ 50,000 ಡಾಲರ್ ಕೊಟ್ಟರು. ಅಂದು ಸೋತದ್ದು ನಿಘಂಟು ಮಾತ್ರ!